ಹನ್ನೆರಡು ಗಂಟೆಯ ಸಾಕ್ಷಿ

ಮಧ್ಯಾಹ್ನ ಹನ್ನೆರಡಾದರೆ ಈಗಲೂ ನನ್ನ ಕಾಲು ಹೊಲಿಗೆ ಮಶಿನ್ನಿನ ಪೆಡಲ್ ಮೇಲೆ ತಾನಾಗಿ ನಿಲ್ಲುತ್ತದೆ. ಏಳು ವರ್ಷ ಆ ಹೊತ್ತಿಗೆ ನನಗೊಂದು ಫೋನು ಬರುತ್ತಿತ್ತು. ಬರುತ್ತಿದ್ದುದು ದೂರದಿಂದಲ್ಲ, ಯರಗಟ್ಟಿ ಪ್ಯಾಟಿಯ ಆ ತುದಿಯಿಂದ ಈ ತುದಿಗೆ. ನಡೆದರೆ ಹತ್ತು ನಿಮಿಷದ ದಾರಿ. ಹೇಗಿದ್ದೀರಿ, ಊಟ ಆಯಿತೇ ಎಂಬ ಮಾತು ಇಲ್ಲ. ಎತ್ತಿದ ಕೂಡಲೇ ಒಂದೇ ಪ್ರಶ್ನೆ: "ನೆಟ್ ಅದ ಅಲ್ಲಾ?" ನಾನು "ಐತ್ರಿ ಕಾಕಾ" ಅನ್ನಬೇಕು, ಇಲ್ಲವೇ "ಇಲ್ರಿ" ಅನ್ನಬೇಕು. ಅವರು "ಆತು" ಎಂದು ಇಟ್ಟುಬಿಡುತ್ತಿದ್ದರು. ಆ ಪ್ರಶ್ನೆ ನಡುವೆ ಒಂದು ದಿನ ಬದಲಾಯಿತು. ಅದು ಬದಲಾದದ್ದು ನನ್ನಿಂದ.

ಹೋದ ಮಾಘದಲ್ಲಿ ಒಂದು ದಿನ ಹನ್ನೆರಡಾಯಿತು, ಹನ್ನೆರಡೂಕಾಲಾಯಿತು, ಫೋನು ಬರಲಿಲ್ಲ. ಕೈಯಲ್ಲಿದ್ದ ಕುಪ್ಪಸದ ತೋಳನ್ನು ಹಾಗೇ ಬಿಟ್ಟು ಎದ್ದೆ. ಅವರ ಓಣಿಯ ಬಾಯಿಗೆ ಬರುವಷ್ಟರಲ್ಲಿ ಜನ ನಿಂತದ್ದು ಕಂಡಿತು. ಸ್ನಾನ ಮುಗಿಸಿ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲವಂತೆ.

ಊರಿನವರು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಫೋನ್ ಆಫೀಸಿನಲ್ಲಿ ಲೈನ್ ನೋಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಕಂಬ ಹತ್ತಿ ಹತ್ತಿ ಮೊಣಕಾಲು ಸವೆದಿದ್ದವು. ಕೂತಲ್ಲಿಂದ ಏಳುವಾಗ ಎದುರಿಗೊಂದು ಕಂಬ ಇರುವಂತೆ ಎರಡೂ ಕೈ ಗಾಳಿಯಲ್ಲಿ ಚಾಚುತ್ತಿದ್ದರು. ಅದನ್ನು ಕಂಡು ಅವರ ಹೆಂಡತಿ, ನಾವು ಕಾಕು ಎನ್ನುವವರು, "ಅಲ್ಲೇನೂ ಇಲ್ಲ, ನೆಲಾ ಹಿಡಕೊಂಡು ಏಳ್ರಿ" ಎನ್ನುತ್ತಿದ್ದರು.

ಮೂಲದಲ್ಲಿ ಅವರದು ಹೂಲಿಯ ಕಡೆಯ ಮನೆತನ. ಅಜ್ಜ ಪಂಚಾಂಗ ಮಾಡುತ್ತಿದ್ದವರು. ಗ್ರಹಣ ಹಿಡಿದ ದಿನ ಅಜ್ಜ ಅಂಗಳದಲ್ಲಿ ಅರಿಶಿನದ ನೀರಿನ ಪರಾತ ಇಟ್ಟು ಸೂರ್ಯನ ನೆರಳು ನೋಡುತ್ತ ಕೂಡುವುದು, ತೊರಗಲ್ಲಿನಲ್ಲಿದ್ದ ಷಡ್ಡಕರು ಅಲ್ಲಿ ಅದೇ ರೀತಿ ಕೂಡುವುದು. ಆಮೇಲೆ ಕಾರ್ಡು ಬರೆದು ಕೇಳುವುದು: ಸ್ಪರ್ಶ ಎಷ್ಟೊತ್ತಿಗೆ ಕಂಡಿತು, ಮೋಕ್ಷ ಎಷ್ಟೊತ್ತಿಗೆ ಆಯಿತು? ಎರಡೂ ಕೂಡಿ ಬಂದರೆ ಮಾತ್ರ ಅಜ್ಜ ವಹಿಯಲ್ಲಿ ಬರೆಯುತ್ತಿದ್ದರಂತೆ. ಒಬ್ಬರೇ ಕಂಡದ್ದು ಅವರ ಲೆಕ್ಕದಲ್ಲಿ ಕಂಡದ್ದೇ ಅಲ್ಲ.

ಮೊಮ್ಮಗ ಪಂಚಾಂಗ ಬಿಟ್ಟು ಫೋನ್ ತಂತಿ ಹಿಡಿದರು. ಆದರೆ ವಹಿ ಬಿಡಲಿಲ್ಲ. ನಿವೃತ್ತಿಯ ಮರುದಿನವೇ ಅಂಗಡಿಯಿಂದ ಉದ್ದನೆಯ ರಟ್ಟಿನ ಪುಸ್ತಕ ತಂದು ಅದರಲ್ಲಿ ನೆಟ್ ಹೋದದ್ದು ಬಂದದ್ದು ಬರೆಯತೊಡಗಿದರು. ಶಬ್ದಗಳೂ ಅಜ್ಜನವೇ. ನೆಟ್ ಹೋದ ಹೊತ್ತು ಸ್ಪರ್ಶ, ಬಂದ ಹೊತ್ತು ಮೋಕ್ಷ. ಪಕ್ಕದಲ್ಲಿ ಕಾರಣ. ಕಬ್ಬಿನ ಟ್ರ್ಯಾಕ್ಟರ್ ತಂತಿ ಹರಿಯಿತು, ಇಲಿ ಕಡಿಯಿತು, ರಸ್ತೆ ಅಗೆದರು. ಕಾರಣ ಗೊತ್ತಾಗದಿದ್ದರೆ "ತಿಳಿಯದು" ಎಂದು ಬರೆಯುವರು. ಇಂಥಾದ್ದಿರಬಹುದು ಎಂದು ಒಂದು ಸಲವೂ ಬರೆದವರಲ್ಲ.

ಕಿತ್ತೂರಿನಲ್ಲೊಬ್ಬ ಚಹಾದಂಗಡಿಯವ, ಬೈಲಹೊಂಗಲದಲ್ಲಿ ಔಷಧಿ ಅಂಗಡಿಯವ, ಸವದತ್ತಿಯಲ್ಲಿ ಬಳೆಗಾರ, ರಾಮದುರ್ಗದಲ್ಲಿ ಕ್ಷೌರದವ. ಹನ್ನೊಂದೂವರೆಯಿಂದ ಸಾಲಾಗಿ ಇವರಿಗೆಲ್ಲ ಫೋನು. ಪ್ರತಿ ಊರಲ್ಲೂ ಎರಡನೆಯವರೊಬ್ಬರು ಹೌದೆನ್ನಬೇಕು. ಯರಗಟ್ಟಿಯಲ್ಲಿ ಮೊದಲನೆಯವರು ಅವರೇ, ಎರಡನೆಯವಳು ನಾನು. ನನ್ನನ್ನು ಆರಿಸಿದ್ದಕ್ಕೆ ಕಾರಣ ನಮ್ಮ ಮನೆಯ ಗೋಡೆಯ ಕ್ಯಾಲೆಂಡರು. ಹಾಲು ತಡವಾದದ್ದು, ಕರೆಂಟು ಹೋದ ಹೊತ್ತು, ಮೊದಲ ಮಳೆ ಬಿದ್ದದ್ದು, ಯಾರ ಕುಪ್ಪಸ ಯಾವಾಗ ಕೊಡಬೇಕು ಎಲ್ಲ ಅದರಲ್ಲಿ ಬರೆಯುವುದು ನನ್ನ ಚಾಳಿ. ಕಾಕು ಕುಪ್ಪಸಕ್ಕೆ ಅಳತೆ ಕೊಡಲು ಬಂದಾಗ ಜೊತೆಗೆ ಬಂದ ಕಾಕಾ ಅಳತೆ ಮುಗಿಯುವ ತನಕ ಕ್ಯಾಲೆಂಡರನ್ನೇ ಓದುತ್ತ ನಿಂತಿದ್ದರು. ಹೋಗುವಾಗ ಹೇಳಿದರು: "ನೀವು ನೋಡಿ ಬರೀತೀರಿ. ನೀವು ಆದ್ರ ಆಗ್ತದ." ನನಗೆ ಅಂಥ ಮಾತು ಅದುವರೆಗೆ ಯಾರೂ ಹೇಳಿರಲಿಲ್ಲ.

ಒಮ್ಮೆ ಬೆಳಗಾವಿ ರೋಡಿನಲ್ಲಿ ಜೆಸಿಬಿ ಕೇಬಲ್ ಕಡಿಯಿತು. ಮಂದಿ ಚಾಲಕನನ್ನು ಬೈಯುತ್ತ ನಿಂತಿದ್ದರು. ಕಾಕಾ ಛತ್ರಿ ಊರಿಕೊಂಡು ಹೋಗಿ ತೆಗ್ಗಿನ ದಂಡೆಯಲ್ಲಿ ಕೂತು, "ತಮ್ಮಾ, ಎಷ್ಟೊತ್ತಿಗೆ ಹರದಿ?" ಎಂದರು.

"ನಾ ಹರದಿಲ್ರಿ ಅಜ್ಜಾರ. ತಾನ ಹರದೈತಿ."

"ಆತು, ತಾನ ಎಷ್ಟೊತ್ತಿಗೆ ಹರೀತು?"

ಮಂದಿ ನಕ್ಕರು, ಅವನೂ ನಕ್ಕ. ಹೊತ್ತು ಹೇಳಿದ. ಕಾಕಾ ಬರೆದುಕೊಂಡು, ಅವನ ಕೈಯಲ್ಲಿದ್ದ ತಂಬಾಕು ಚಿಟಿಕೆಯಷ್ಟು ಇಸಿದುಕೊಂಡು ಬಂದರು.

ನಮ್ಮ ಐದು ಊರಷ್ಟೇ ಆಗಿದ್ದರೆ ಜನ ಅವರನ್ನು ಹುಚ್ಚ ಎನ್ನುತ್ತಿರಲಿಲ್ಲವೇನೋ. ಅವರು ಜಗತ್ತಿನ ನೆಟ್ಟನ್ನೂ ಕಾಯುತ್ತಿದ್ದರು. ಯಾವ ದೇಶದಲ್ಲಿ ಯಾವಾಗ ನೆಟ್ ಬಿತ್ತು ಎಂದು ಹೊರಗಿನಿಂದ ನೋಡಿ ಗೆರೆ ಎಳೆದು ತೋರಿಸುವ ಮಂದಿ ಇದ್ದಾರಂತೆ. ಆ ಗೆರೆಗಳನ್ನು ಕಾಕಾ ಮೊಬೈಲಿನಲ್ಲಿ ತೆರೆದು ನನಗೂ ತೋರಿಸುತ್ತಿದ್ದರು. ಒಂದು ಗೆರೆ ದಿಬ್ಬ ಇಳಿದಂತೆ ಇಳಿದಿತ್ತು. "ಇದು ಕರೆಂಟು ಹೋದದ್ದು. ಬ್ಯಾಟರಿ ಒಂದೊಂದ ಸಾಯ್ತಾವ, ಸಾವಕಾಶ ಇಳೀತದ." ಇನ್ನೊಂದು ಗೆರೆ ಗೋಡೆಯ ಮೇಲಿಂದ ಬಿದ್ದಂತೆ ನೆಟ್ಟಗೆ ಬಿದ್ದಿತ್ತು. "ಇದನ್ನ ನೋಡ್ರಿ. ಬರೋಬ್ಬರಿ ತಾಸಿಗೆ ಹೋಗೇದ, ಬರೋಬ್ಬರಿ ತಾಸಿಗೆ ಬಂದದ. ಇಲಿಗೆ ಗಡಿಯಾರ ಗೊತ್ತಿರೂದಿಲ್ಲ. ಇದು ಮನಷಾನ ಕೈ."

ಕೆಲವು ದೇಶಗಳಲ್ಲಿ ಪರೀಕ್ಷೆಯ ದಿನ ಮಕ್ಕಳು ನಕಲು ಮಾಡಬಾರದೆಂದು ಊರಿಗೆ ಊರೇ ನೆಟ್ ಬಂದ್ ಮಾಡುತ್ತಾರೆ, ಕೆಲವು ಕಡೆ ಚುನಾವಣೆಯ ದಿನ, ಕೆಲವು ಕಡೆ ಗಲಾಟೆಯ ದಿನ ಎಂದು ಹೇಳಿದರು. ಸಮುದ್ರದ ತಳದಲ್ಲಿ ಕೇಬಲ್ ಹರಿದರೆ ಎಷ್ಟೋ ದೇಶ ಒಮ್ಮೆಲೇ ಕುಂಟುತ್ತವಂತೆ.

ಕಾಕು ಒಳಗಿನಿಂದ ಕೇಳಿಸಿಕೊಂಡು, "ಯಾವದೋ ದೇಶದಾಗ ನೆಟ್ ಹೋದದ್ದು ಇವರಿಗೆ ಗೊತ್ತದ. ಮನ್ಯಾಗ ನಳಾ ಬಂದ್ ಆಗಿ ಮೂರು ದಿನಾ ಆತು, ಅದರ ಗೆರಿ ಎಲ್ಲಿ ಬಿದ್ದದ ಕೇಳ್ರಿ" ಎಂದರು.

ಕಾಕಾ ನಗಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು: "ನಳಾ ಹೋದ್ರ ಈಕಿ ಒದರತಾಳ, ನನಗ ಕೇಳಸ್ತದ. ನೆಟ್ ಹೋದವರು ಒದರಿದ್ರ ಯಾರಿಗೆ ಕೇಳಸ್ತದ? ಒದರೋ ದಾರೀನ ಹೋಗಿರ್ತದಲ್ಲ. ಅಲ್ಲಿ ಏನ ಆದ್ರೂ ಏನೂ ಆಗಿಲ್ಲ ಅಂದುಬಿಡಬಹುದು. ಹೊರಗ ಕೂತವ್ರು ಯಾರರೆ ಈ ಹೊತ್ತಿನಿಂದ ಈ ಹೊತ್ತಿನ ತನಕ ಅಲ್ಲಿ ಕತ್ತಲಿತ್ತು ಅಂತ ಬರದ ಇಡಬೇಕು. ಅಷ್ಟ ನಮ್ಮ ಕೆಲಸ."

ಆ ಗೆರೆ ಎಳೆಯುವ ಮಂದಿಗೆ ಇವರು ತಮ್ಮ ವಹಿಯ ಪುಟಗಳ ಫೋಟೋ ತೆಗೆದು ಕಳಿಸುತ್ತಿದ್ದರು. ಒಮ್ಮೆ ಉತ್ತರ ಬಂತು, ಎರಡು ಸಾಲು, ಉಪಕಾರ ಆಯಿತು ಎಂದು. ಕಾಕಾ ಅದನ್ನು ದೇವರ ಮುಂದೆ ಇಟ್ಟು ಬಂದರು. ಕಾಕು ಕೇಳಿದ್ದು ಒಂದೇ: "ಊಟಕ್ಕ ಕರದಾರೇನು?"

ಇನ್ನು ಆ ದಿನದ್ದು.

ಕಾಕಾ ವಹಿಯನ್ನೂ ಚೀಲದಲ್ಲಿಟ್ಟುಕೊಂಡು ಕಣ್ಣಿನ ಪೊರೆ ತೆಗೆಸಲು ಬೈಲಹೊಂಗಲಕ್ಕೆ ಹೋಗಿದ್ದರು. ನಾನು ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿದ್ದೆ. ಹಿಟ್ಟಿನ ಕೈ, ಮೇಲೆ ಬಿಸಿಲು, ಎರಡು ಕಾಗೆ. ಹನ್ನೆರಡಕ್ಕೆ ಫೋನು ಬಂತು. ಮೊಣಕೈಯಿಂದ ಒತ್ತಿ ಕಿವಿಗೆ ಹಚ್ಚಿದೆ. "ನೆಟ್ ಅದ ಅಲ್ಲಾ?" ಎಂದರು. "ಐತ್ರಿ ಕಾಕಾ, ಎಲ್ಲಾ ಬರೋಬ್ಬರಿ ಐತಿ" ಎಂದೆ.

ನೋಡಿರಲಿಲ್ಲ. ಫೋನು ಬಂದಿದೆ, ಮಾತು ಕೇಳಿಸುತ್ತಿದೆ, ಎಂದ ಮೇಲೆ ನೆಟ್ ಇದೆ ಎಂದುಕೊಂಡೆ. ಮಾತು ಬರುವ ದಾರಿ ಬೇರೆ, ನೆಟ್ ಬರುವ ದಾರಿ ಬೇರೆ ಎಂದು ಕಾಕಾ ನನಗೆ ಎಷ್ಟು ಸಲ ಹೇಳಿದ್ದರು. ಆದರೂ ಹಿಟ್ಟಿನ ಕೈಯಲ್ಲಿ ಅದೆಲ್ಲ ಯಾರಿಗೆ ನೆನಪು.

ಹನ್ನೊಂದಕ್ಕೇ ಯರಗಟ್ಟಿಯ ನೆಟ್ ಹೋಗಿತ್ತು. ಬಂದದ್ದು ಸಂಜೆ ಐದು ದಾಟಿದ ಮೇಲೆ. ಪಕ್ಕದ ಮನೆಯವರು ಸಂಜೆ ಹೇಳಿದಾಗಲೇ ನನಗೆ ತಿಳಿದದ್ದು. ಕಾಕಾಗೆ ಹೇಳಬೇಕು ಎಂದುಕೊಂಡೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದವರಿಗೆ ಈಗೇನು ಹೇಳುವುದು, ಬಂದ ಮೇಲೆ ಹೇಳಿದರಾಯಿತು ಎಂದು ಬಿಟ್ಟೆ. ಆ ದಿನದ ಕ್ಯಾಲೆಂಡರಿನ ಮನೆಯಲ್ಲಿ ಇವತ್ತಿಗೂ ಇರುವುದು "ಶಾವಿಗೆ" ಎಂಬ ಒಂದೇ ಶಬ್ದ.

ಎರಡು ದಿನ ಬಿಟ್ಟು ಅವರನ್ನು ನೋಡಲು ಹೋದೆ. ಒಂದು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಒಬ್ಬ ರೈತ ಮತ್ತು ಅವನ ಮಗಳು ನಿಂತಿದ್ದರು. ಪ್ಯಾಟಿಯ ಆಚೆ ಹೊಲದಲ್ಲೇ ಮನೆ ಮಾಡಿಕೊಂಡಿರುವವರು. ಹುಡುಗಿ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವಳು. ನರ್ಸಿಂಗ್ ಸೀಟಿಗೆ ಯಾವ ಯಾವ ಕಾಲೇಜು ಬೇಕೆಂದು ಆರಿಸಿ ನೆಟ್ಟಿನಲ್ಲಿ ತುಂಬಲು ನೆಟ್ ಹೋದ ಆ ದಿನವೇ ಕೊನೆ, ಸಂಜೆ ಐದರ ತನಕ. ಬೆಳಗ್ಗೆ ಹೊಲದಲ್ಲಿ ಕಳೆ ಕೆಲಸ ಮುಗಿಸಿ ಹನ್ನೊಂದೂವರೆಗೆ ಬಸ್ ಸ್ಟ್ಯಾಂಡಿನ ಅರ್ಜಿ ಅಂಗಡಿಗೆ ಬಂದಿದ್ದಾಳೆ. ಅಂಗಡಿಯವ "ಈಗ ಬರ್ತೈತಿ, ಈಗ ಬರ್ತೈತಿ" ಎಂದು ಮೂರರ ತನಕ ಕೂಡಿಸಿದ್ದಾನೆ. ಆಮೇಲೆ ಸವದತ್ತಿಯ ಬಸ್ ಹತ್ತಿದ್ದಾಳೆ. ಅಲ್ಲಿ ಪಾಳಿ. ತನ್ನ ಪಾಳಿ ಬರುವಷ್ಟರಲ್ಲಿ ಐದಾಗಿ ನಾಲ್ಕು ನಿಮಿಷ.

ಅಪ್ಪ ಹೇಳಿದ: "ಸೀಟು ಹಂಚೋ ಕಚೇರಿಗೆ ಹೋಗಿದ್ವಿರಿ. ಯರಗಟ್ಟ್ಯಾಗ ನೆಟ್ ಹೋಗಿತ್ತು ಅಂದ್ರ, ನಮ್ಮ ಕಡೆ ಹಂಗ ಎಲ್ಲೂ ಬರದಿಲ್ಲ, ಸಾಕ್ಷಿ ತರ್ರಿ, ನೋಡೋಣು ಅಂದ್ರು. ಅಂಗಡ್ಯಾವ ಹೇಳಿದಾ, ನಿಮ್ಮ ಬುಕ್ಕಿನ್ಯಾಗ ತಾಸು ಮಿನಿಟು ಸೈತ ಇರ್ತೈತಂತಲ್ರಿ."

ಕಾಕಾ ಎರಡೂ ಕೈ ಗಾಳಿಯಲ್ಲಿ ಚಾಚಿ ಎದ್ದರು. ಮುಖದ ಮೇಲೆ ಅಂಥ ಬೆಳಕನ್ನು ನಾನು ನೋಡಿರಲಿಲ್ಲ. ಅಷ್ಟು ವರ್ಷದಲ್ಲಿ ವಹಿಯನ್ನು ಕೇಳಿಕೊಂಡು ಬಂದವರು ಅವರೇ ಮೊದಲು. ವಹಿ ತಂದರು, ಪುಟ ತಿರುವಿದರು, ಒಂದೇ ಕಣ್ಣಿನಿಂದ ಬಗ್ಗಿ ನೋಡಿದರು. ಬೆರಳಿಟ್ಟು ಒಂದೇ ಸಾಲನ್ನು ಎರಡು ಸಲ ಓದಿದರು.

"ಇಲ್ಲಿ ಅದ ಅಂತ ಅದ" ಎಂದರು.

"ಏನ್ರಿ?"

"ಯರಗಟ್ಟಿ, ಹನ್ನೆರಡು, ನೆಟ್ ಅದ. ಹಂಗ ಬರದದ."

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ಕೇಳಿದ: "ಹಂಗಂತ ಯಾರು ಹೇಳಿದ್ರಿ?"

ನಾನು ಕಾಕುವಿನ ಪಕ್ಕದಲ್ಲಿ, ಕೈಯಲ್ಲಿ ಚಹಾದ ಬಸಿ ಹಿಡಿದು ಕೂತಿದ್ದೆ. ಕಾಕಾ ನನ್ನ ಕಡೆ ತಿರುಗಲಿಲ್ಲ. "ಬರದಾಂವ ನಾನು. ತಪ್ಪು ನಂದು" ಎಂದರು.

ನಾನು ಬಾಯಿ ಬಿಡಲಿಲ್ಲ. ಅವರಿಬ್ಬರೂ ಅಂಗಳಕ್ಕೆ ಹೋಗಿ ಚಪ್ಪಲಿ ಮೆಟ್ಟುವ ಮುಂಚೆ ಅಪ್ಪ ಮತ್ತೆ ಒಳಗೆ ಬಂದ. "ಎರಡಕ್ಷರದ ಮಾತ್ರಿ. 'ಅದ' ಹೊಡದು 'ಇಲ್ಲ' ಅಂತ ಮಾಡ್ರಿ. ಖರೇನ ಇರ್ಲಿಲ್ಲಲ್ರಿ ನೆಟ್. ಸುಳ್ಳೇನೂ ಬರಿ ಅನ್ನಾಕ ಹತ್ತಿಲ್ಲ ನಾ."

ಕಾಕಾ ಹೇಳಿದರು: "ಇವತ್ತಿನ ತಾರೀಖಿನ ಕೆಳಗ ಬರೀತೇನಿ, ಆವತ್ತಿನ ಸಾಲು ತಪ್ಪದ, ನೆಟ್ ಇರಲಿಲ್ಲ ಅಂತ. ಎರಡೂ ಪುಟದ ನಕಲು ಕೊಡ್ತೇನಿ. ಆವತ್ತಿನ ಸಾಲು ಮುಟ್ಟಲಿಕ್ಕೆ ಬರೂದಿಲ್ಲ."

ಅವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ನಾ ನೋಡದ ಹೇಳಿದ್ನಿ ಕಾಕಾ. ಈಗ ಇರೋದ ಸುಳ್ಳು. ತಿದ್ದಿದ್ರ ಖರೇ ಆಗ್ತೈತಿ. ತಿದ್ರಿ, ನಿಮ್ಮ ಕಾಲ ಬೀಳತೇನಿ" ಎಂದೆ.

ಅವರು ಕನ್ನಡಕವನ್ನು ಪಂಚೆಯ ಚುಂಗಿನಲ್ಲಿ ಒರೆಸುತ್ತ ಕೂತರು. "ಖರೇ ಆಗ್ತದ, ಹೌದು. ಆದ್ರ ಒಂದು ಕಡೆ ತಿದ್ದಿದ್ದು ಕಂಡ್ರ ಉಳದ ಸಾಲೆಲ್ಲಾ ಯಾರು ನಂಬತಾರ? ನಾಳೆ ಇನ್ನೊಬ್ಬರ ಮಗಳು ಬರ್ತಾಳ. ಆಕಿಗೆ ಏನ ಕೊಡ್ಲಿ?" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ ತಮ್ಮಷ್ಟಕ್ಕೆ ಹೇಳಿಕೊಂಡರು: "ಒಬ್ಬರ ಮಾತಿನ ಮ್ಯಾಲೆ ಬರೀಬಾರದಿತ್ತು. ನಾ ಊರಾಗಿದ್ದಿಲ್ಲ. ಇನ್ನೊಬ್ಬರನ್ನ ಕೇಳಬೇಕಿತ್ತು. ನೀವು ಹೇಳೀರಿ ಅಂತ ಬರದೆ."

ಬೈದಿದ್ದರೆ ವಾಸಿಯಿತ್ತು.

ನಕಲು ಹಿಡಿದು ಕಚೇರಿಗೆ ಹೋದವರಿಗೆ ಅಲ್ಲಿ ನಗೆ ಕಾದಿತ್ತು. "ಮೊದ್ಲ ಐತಿ ಅಂತ ಬರದಾರ, ಎರಡ ದಿನಕ್ಕ ಇಲ್ಲ ಅಂತ ಬರದಾರ. ಅಜ್ಜಾರಿಗೆ ಒಂದ ಕಣ್ಣಿಗೆ ಒಂದ ಕಂಡಿರ್ಬೇಕು" ಎಂದು ಕಾಗದ ವಾಪಸ್ಸು ಕೊಟ್ಟರಂತೆ. ಅಪ್ಪ ಬಂದು ಅದನ್ನು ಹೇಳಿ, ಸಿಟ್ಟಿಲ್ಲದೆ ಹೊರಟುಹೋದ. ಸಿಟ್ಟು ಇದ್ದಿದ್ದರೆ ಚಲೋ ಇತ್ತು ಎಂದು ಕಾಕಾ ಅಂದರು. ಹುಡುಗಿಗೆ ಆ ವರ್ಷ ಸೀಟು ಇಲ್ಲ. ಮುಂದಿನ ವರ್ಷಕ್ಕೆ ಕಾಯುವುದೇಕೆ ಎಂದು ಬೇಸಿಗೆಯಲ್ಲಿ ರಾಮದುರ್ಗಕ್ಕೆ ಕೊಟ್ಟು ಮದುವೆ ಮಾಡಿದರು. ಮದುವೆಯ ಕುಪ್ಪಸ ಹೊಲಿದದ್ದು ನಾನೇ. ಅಳತೆ ತೆಗೆಯುವಾಗ ಆಕೆ ಕ್ಯಾಲೆಂಡರಿನ ಕಡೆ ಮುಖ ಮಾಡಿ ನಿಂತಿದ್ದಳು. ನಾನು ಟೇಪಿನ ಅಂಕಿಯನ್ನು ಎರಡು ಸಲ ತಪ್ಪು ಓದಿದೆ.

ಕಾಕಾ ನನಗೆ ಫೋನು ಮಾಡುವುದನ್ನು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಕಚೇರಿಯ ಸುದ್ದಿ ಬಂದ ಮರುದಿನವೂ ಸರಿಯಾಗಿ ಹನ್ನೆರಡಕ್ಕೆ ಬಂತು. ಪ್ರಶ್ನೆ ಮಾತ್ರ ಬೇರೆ: "ಈಗ ಏನು ತೆರದ ನೋಡಿದ್ರಿ?" ಆಮೇಲೆ ಸಾಯುವ ತನಕ ಅದೇ. ನಾನು ಹವಾಮಾನ ತೆರೆದು ನೋಡಿದೆ ಎನ್ನುತ್ತಿದ್ದೆ, ಬಸ್ಸಿನ ವೇಳೆ ತೆರೆದು ನೋಡಿದೆ ಎನ್ನುತ್ತಿದ್ದೆ. ಅವರು "ಆತು" ಎನ್ನುತ್ತಿದ್ದರು. ಆ ಪ್ರಶ್ನೆ ನನ್ನ ಮೇಲಿನ ಅಪನಂಬಿಕೆ ಎಂದು ನಾನು ದಿನಾ ಒಂದಿಷ್ಟು ಒಳಗೇ ಕುಗ್ಗುತ್ತಿದ್ದೆ.

ಕಾಕಾ ತೀರಿಕೊಂಡ ಹದಿಮೂರನೆಯ ದಿನ ಕಾಕು ವಹಿ ತಂದು ನನ್ನ ಮಡಿಲಲ್ಲಿ ಇಟ್ಟರು. "ನೀವ ಇಟ್ಕೋರಿ. ನನಗ ನಳದ ಹೊತ್ತು ಗೊತ್ತಾದ್ರ ಸಾಕು" ಎಂದವರು ಸೆರಗಿನಿಂದ ಮೂಗು ಒರೆಸಿಕೊಂಡರು. ಮನೆಗೆ ಬಂದು ಮೊದಲು ತೆರೆದದ್ದು ಆ ಪುಟವನ್ನೇ. ಪ್ರತಿ ಸಾಲಿನ ಕೊನೆಗೆ ಯಾರು ಹೇಳಿದರು ಎಂದು ಬರೆಯುವ ಒಂದು ಮನೆ ಇದೆ. ಹಿಂದಿನ ದಿನ ನನ್ನ ಹೆಸರು ಇದೆ, ಮುಂದಿನ ದಿನವೂ ಇದೆ. ಆ ಒಂದು ದಿನದ್ದರಲ್ಲಿ ಅವರ ಹೆಸರೊಂದೇ ಇದೆ. ಬೈಲಹೊಂಗಲದ ಮಂಚದಲ್ಲಿ ಮಲಗಿದ್ದವರ ಹೆಸರು. ನನ್ನ ಹೆಸರನ್ನು ಆಮೇಲೆ ಅಳಿಸಿದ ಗುರುತಿಲ್ಲ. ಒಬ್ಬರೇ ಹೇಳಿದ್ದನ್ನು ಬರೆಯುವಾಗ ಅದರ ಹೊರೆ ತನ್ನ ಮೇಲೇ ಇರಲಿ ಎಂದು ಅದೇ ದಿನ ಹಾಗೆ ಬರೆದಿರಬೇಕು. ಇರಬೇಕು ಎನ್ನುತ್ತಿದ್ದೇನೆ. ಅವರಾಗಿದ್ದರೆ ಇಲ್ಲಿ "ತಿಳಿಯದು" ಎಂದು ಬರೆಯುತ್ತಿದ್ದರು. ರಟ್ಟಿನ ಒಳಬದಿಯಲ್ಲಿ ಒಂದು ಸಾಲು ಬೇರೆ ಮಸಿಯಲ್ಲಿ ಇತ್ತು: "ಅದ ಅಲ್ಲಾ ಎಂದು ಕೇಳಿದರೆ ಯಾರಾದರೂ ಅದ ಎನ್ನುತ್ತಾರೆ. ಕೇಳಿದ್ದೇ ತಪ್ಪು."

ಮರುದಿನ ಹನ್ನೊಂದೂವರೆಗೆ ನಾನೇ ಫೋನು ಮಾಡಲು ಕೂತೆ. ವಹಿಯ ಹಿಂದಿನ ಪುಟದಲ್ಲಿ ನಂಬರುಗಳಿದ್ದವು. ಕಿತ್ತೂರು, ಬೈಲಹೊಂಗಲ, ಸವದತ್ತಿ. ಮೂವರೂ "ಕಾಕಾ ಹೋದ್ರಂತ?" ಎಂದು ಕೇಳಿ, ಆಮೇಲೆ ಇದ್ದದ್ದು ಹೇಳಿದರು. ರಾಮದುರ್ಗದ ಕ್ಷೌರದವನ ನಂಬರು ಹೊಡೆದು ಕೆಳಗೆ ಹೊಸ ನಂಬರು ಬರೆದಿತ್ತು, ಹೆಸರಿರಲಿಲ್ಲ. ಮಾಡಿದೆ. ಎತ್ತಿದವಳು ಒಂದು ಹೆಣ್ಣುಮಗಳು. "ಹೇಳ್ರಿ ಅಕ್ಕಾರ. ಪರೀಕ್ಷಾ ರಿಸಲ್ಟಿನ ಪಾನು ತೆರದು ನೋಡೇನಿ. ಐತಿ."

ದನಿ ಗುರುತು ಸಿಕ್ಕಿತು, ಸೀಟು ತಪ್ಪಿದ ಆ ಹುಡುಗಿಯದು. ಆಕೆಗೂ ನನ್ನ ನಂಬರು ಗೊತ್ತಿತ್ತು, ಕುಪ್ಪಸದ ಕಾಲದಿಂದ. ಅಂಗಡಿ ಮುಚ್ಚಿದ ಕ್ಷೌರದವನ ಬದಲಿಗೆ ಯಾರೂ ಇಲ್ಲವೆಂದು ಕೇಳಿದಾಗ ತಾನೇ ಕಾಕಾಗೆ ಫೋನು ಮಾಡಿ, ನಾ ಹೇಳತೇನಿ ಎಂದಳಂತೆ. ಇಲ್ಲಿಯ ತನಕ ಆಕೆ ಒಂದು ದಿನವೂ ನೋಡದೆ ಹೇಳಿದವಳಲ್ಲ. ಹೋದ ನಿಮಿಷ, ಬಂದ ನಿಮಿಷ, ಯಾವ ಪುಟ ತೆರೆಯಿತು, ಯಾವುದು ತೆರೆಯಲಿಲ್ಲ, ಎಲ್ಲ ಹೇಳುತ್ತಾಳೆ. ಹಿಂದೆ ಮಗುವಿನ ಅಳು ಕೇಳಿಸುತ್ತಿರುತ್ತದೆ. ಬರೆಯುವಾಗ ನನಗೆ ಕಾಕಾ ಪಕ್ಕದಲ್ಲಿ ಕೂತು ಕನ್ನಡಕ ಒರೆಸುತ್ತಿರುವಂತೆ ಅನಿಸುತ್ತದೆ.

ಹೋದ ವಾರ ಹೇಳುವುದೆಲ್ಲ ಹೇಳುವ ಮೊದಲು ಆಕೆ ಕೇಳಿದಳು: "ಅಕ್ಕಾರ, ಆ ಬುಕ್ಕು ಈಗ ನಿಮ್ಮ ಕಡೇನ ಐತಲ್ಲ. ಆವತ್ತ ಯರಗಟ್ಟ್ಯಾಗ ಐತಿ ಅಂತ ಹೇಳಿದವರು ಯಾರಂತ ಅದರಾಗ ಬರದೈತೇನ್ರಿ? ಕಾಕಾಗ ಎರಡ ಸಲ ಕೇಳಿದ್ನಿ. ಅವರು ನಾನ ಅಂದ್ರು. ಅವರು ಊರಾಗ ಇದ್ದಿಲ್ಲಂತ."

ವಹಿ ತೆರೆದೇ ಇತ್ತು. ಕಾಕಾರ ಹೆಸರು ಅಲ್ಲಿ ದುಂಡಗೆ ಇತ್ತು. ಅದನ್ನು ಓದಿ ಹೇಳಿದರೆ ವಹಿಯಲ್ಲಿದ್ದುದನ್ನೇ ಹೇಳಿದಂತಾಗುತ್ತಿತ್ತು, ಯಾರೂ ತಪ್ಪೆನ್ನುವಂತಿರಲಿಲ್ಲ.

"ಖರೇ ಹೇಳಿದವರ ಹೆಸರು ಬರದಿಲ್ಲವ್ವಾ" ಎಂದೆ. "ಹೇಳಿದಾಕಿ ನಾನು. ಮಾಳಗಿ ಮ್ಯಾಲೆ ಶಾವಿಗಿ ಹಾಕಾಕ ಹತ್ತಿದ್ನಿ. ನೋಡದ ಹೇಳಿದ್ನಿ. ನೀವು ಬಂದಾಗ ಅಲ್ಲೇ ಕುಂತಿದ್ನಿ, ಆವಾಗೂ ಹೇಳಲಿಲ್ಲ."

ಲೈನ್ ಹೋಯಿತೇ ಎಂದು ಫೋನು ಕಿವಿಯಿಂದ ತೆಗೆದು ನೋಡಿದೆ. ಹೋಗಿರಲಿಲ್ಲ. ಸೆಕೆಂಡುಗಳು ಒಂದೊಂದಾಗಿ ಏರುತ್ತಿದ್ದವು. ದೂರದಲ್ಲಿ ಮಗು ಏನೋ ಬಡಿಯುತ್ತಿತ್ತು. ನಾನು ಇಡಲಿಲ್ಲ, ಆಕೆಯೂ ಇಡಲಿಲ್ಲ.

ಕಡೆಗೆ ಆಕೆ ಅಂದಳು: "ರಾಮದುರ್ಗದಾಗ ನೆಟ್ ಇಲ್ರಿ. ಹನ್ನೊಂದೂ ಇಪ್ಪತ್ತಕ್ಕ ಹೋಗೇತಿ. ಎರಡ ಪಾನು ತೆರದು ನೋಡೇನಿ." ಮತ್ತೆ "ಬರಕೊಂಡ್ರೇನ?" ಎಂದಳು.

ಬರೆದುಕೊಂಡೆ. ಆಕೆ ಇಟ್ಟಳು. ರಾಮದುರ್ಗದ ಎರಡನೆಯವರಿಗೆ ಫೋನು ಮಾಡಿ ಕೇಳಿದೆ. ಹೌದು, ಹೋಗಿದೆ ಎಂದರು. ಆಮೇಲೆ ಸಾಲಿನ ಕೊನೆಯ ಮನೆಯಲ್ಲಿ ಆಕೆಯ ಹೆಸರು ಬರೆದೆ, ಪೂರ್ತಿ ಹೆಸರು. ಮರುದಿನ ಉಳಿದ ಮೂರು ಊರು ಮುಗಿಸಿ ಆಕೆಯ ನಂಬರು ಒತ್ತಿದೆ. ನಾಲ್ಕನೆಯ ರಿಂಗಿಗೆ ಎತ್ತಿದಳು. ನಾನು ಏನೂ ಕೇಳುವ ಮೊದಲೇ ಅಂದಳು:

"ನೋಡಾಕ ಹತ್ತೇನಿ, ತಡೀರಿ."